ಒಂಬತ್ತು ಇಂಚಿನ ಗಟ್ಟಿಗ

ಎತ್ತಿನ ಗಾಡಿಗೆ ಡಿಫರೆನ್ಷಿಯಲ್ ಬೇಕಿಲ್ಲ. ಅಚ್ಚು ಸುಮ್ಮನೆ ಕೂತಿರುತ್ತೆ, ಚಕ್ರಗಳೆರಡೂ ಅದರ ಮೇಲೆ ತಮ್ಮ ಪಾಡಿಗೆ ತಾವು ಉರುಳುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗುತ್ತೆ, ಒಳಗಿನದು ಕಡಿಮೆ. ಯಾರದ್ದೂ ತಕರಾರಿಲ್ಲ. ತಕರಾರು ಶುರುವಾಗೋದು ಎತ್ತು ಬಿಚ್ಚಿ, ಎಂಜಿನ್ ತಂದು, ಅಚ್ಚನ್ನೇ ತಿರುಗಿಸೋಕೆ ಹೊರಟಾಗ. ಎರಡೂ ಚಕ್ರಕ್ಕೆ ಬಲ ಹೋಗಬೇಕು, ಆದರೆ ತಿರುವಿನಲ್ಲಿ ಎರಡೂ ಒಂದೇ ವೇಗದಲ್ಲಿ ತಿರುಗಬಾರದು. ಈ ಜಗಳ ಬಿಡಿಸೋಕೆ ಹುಟ್ಟಿದ್ದೇ ಡಿಫರೆನ್ಷಿಯಲ್. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಓನೆಸಿಫೋರ್ ಪೆಕ್ಕರ್ ಎಂಬಾತ ಉಗಿಬಂಡಿಗಾಗಿ ಇದರ ಪೇಟೆಂಟ್ ಪಡೆದ. ಟ್ರಾಫಿಕ್ಕಿನಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಬಗ್ಗಿ ನೋಡಿ, ಎರಡು ಚಕ್ರಗಳ ನಡುವೆ ಬುರುಡೆಯಂತೆ ಉಬ್ಬಿಕೊಂಡಿರುತ್ತಲ್ಲ, ಅದರೊಳಗೆ ಇರೋದು ಇದೇ.

ಕಾರಿನ ಇತಿಹಾಸ ಅಂದ್ರೆ ಎಲ್ಲರೂ ಎಂಜಿನ್ನಿನ ಕತೆಯನ್ನೇ ಹೇಳ್ತಾರೆ. ನನಗೆ ಈ ಬುರುಡೆಯ ಕತೆ ಇಷ್ಟ. ಯಾಕೆಂದರೆ ಎಂಜಿನ್ ಎಷ್ಟೇ ಹಾರಾಡಲಿ, ಗೇರ್‌ಬಾಕ್ಸಿನಲ್ಲಿ ಹಲವು ಪಟ್ಟಾದ ಅದರ ತಿರುಚುಬಲ ಕೊನೆಗೆ ಬಂದು ಗುದ್ದೋದು ಇಲ್ಲಿನ ಕೆಲವೇ ಹಲ್ಲುಗಳ ಮೇಲೆ.

1950ರ ದಶಕದ ಅಮೆರಿಕದಲ್ಲಿ ಕಂಪನಿಗಳು ಹಾರ್ಸ್‌ಪವರ್ ಪೈಪೋಟಿಗೆ ಬಿದ್ದಿದ್ದವು. ವರ್ಷ ವರ್ಷಕ್ಕೂ ವಿ8 ಎಂಜಿನ್ನುಗಳು ದೊಡ್ಡದಾಗುತ್ತಿದ್ದವು. ಆಗ 1957ರಲ್ಲಿ ಫೋರ್ಡ್ ಒಂದು ಹೊಸ ಹಿಂದಿನ ಆಕ್ಸಲ್ ತಂದಿತು. ನಮ್ಮ ಮೆಕ್ಯಾನಿಕ್‌ಗಳು ಕ್ರೌನ್ ಅನ್ನೋ ದೊಡ್ಡ ಹಲ್ಲುಚಕ್ರದ ಅಗಲ ಒಂಬತ್ತು ಇಂಚು. ಅದಕ್ಕೇ ಹೆಸರು ‘ಫೋರ್ಡ್ 9 ಇಂಚ್’. ಸಂಸಾರಸ್ಥರ ಕಾರು, ಸ್ಟೇಷನ್ ವ್ಯಾಗನ್, ಪಿಕಪ್ ಹೀಗೆ ದಿನನಿತ್ಯ ಹೊರೆ ಹೊರುವ ಗಾಡಿಗಳಿಗೂ ಅದನ್ನೇ ಹಾಕಿದರು.

ಗಟ್ಟಿತನದ ಗುಟ್ಟು ಎರಡು. ಒಂದು, ಎಂಜಿನ್ ಕಡೆಯಿಂದ ಬರುವ ಪಿನಿಯನ್ ಕ್ರೌನಿನ ನಡುಮಧ್ಯಕ್ಕೆ ಬರದೆ ಎರಡು ಇಂಚಿಗೂ ಹೆಚ್ಚು ಕೆಳಗೆ ಕೂರುತ್ತೆ. ಹೀಗೆ ಕೆಳಗೆ ಕೂರಿಸೋ ಹೈಪಾಯ್ಡ್ ವಿಧಾನ 1920ರ ದಶಕದ್ದು. ಪ್ಯಾಕಾರ್ಡ್ ಕಂಪನಿ ಆಗಲೇ ಅದನ್ನು ಕಾರಿಗೆ ತಂದಿತ್ತು. ಫೋರ್ಡ್ ಅದನ್ನು ಇನ್ನಷ್ಟು ಕೆಳಗಿಳಿಸಿತು. ಇದರಿಂದ ಹಲ್ಲು ಹಲ್ಲಿಗೆ ತಾಗುವ ಜಾಗ ಹೆಚ್ಚಾಯಿತು. ಎರಡು, ಪಿನಿಯನ್ನಿನ ಒಳತುದಿಗೂ ಒಂದು ಬೇರಿಂಗ್ ಕೊಟ್ಟರು. ಒಂದೇ ಕಡೆ ಹಿಡಿದ ಕೋಲು ಬಾಗುತ್ತೆ, ಎರಡು ತುದಿ ಹಿಡಿದರೆ ಬಾಗಲ್ಲ, ಅಷ್ಟೇ ವಿಷಯ. ಇದಕ್ಕೆ ತೆತ್ತ ಬೆಲೆಯೂ ಇದೆ. ಹಲ್ಲುಗಳು ಹೆಚ್ಚು ಜಾರಿ ಉಜ್ಜುವುದರಿಂದ ಎಂಜಿನ್ನಿನ ಬಲ ಸ್ವಲ್ಪ ಜಾಸ್ತಿಯೇ ಬಿಸಿಯಾಗಿ ಹೋಗುತ್ತೆ.

ಪೈಪೋಟಿಯವರೇನೂ ಸುಮ್ಮನಿರಲಿಲ್ಲ. ಷೆವ್ರೊಲೆಯದ್ದು ‘12 ಬೋಲ್ಟ್’. ಹಿಂದಿನ ಮುಚ್ಚಳದ ಬೋಲ್ಟ್ ಎಣಿಸಿದರೆ ಗುರುತು ಸಿಗುತ್ತೆ. 1960ರ ದಶಕದ ಕಮಾರೊ, ಷೆವೆಲ್‌ಗಳ ಗಟ್ಟಿ ಮಾದರಿಗಳಲ್ಲಿ ಇದೇ ಇರುತ್ತಿತ್ತು. ಆದರೆ ಅದರ ಆಕ್ಸಲ್ ಕೋಲನ್ನು ಹಿಡಿದಿಡೋದು ಒಳತುದಿಯ ‘ಸಿ’ ಆಕಾರದ ಸಣ್ಣ ಕ್ಲಿಪ್. ಕೋಲು ಮುರಿದರೆ ಕಡಾಣಿ ಕಳಚಿದ ಗಾಡಿಯಂತೆ ಚಕ್ರವೇ ಹೊರಗೆ! ಫೋರ್ಡಿನದರಲ್ಲಿ ಹೊರತುದಿಯ ಬೇರಿಂಗ್ ಹತ್ತಿರವೇ ಪ್ಲೇಟ್ ಹಾಕಿ ಬಿಗಿದಿರುತ್ತಾರೆ, ಕೋಲು ಒಳಗೆ ಮುರಿದರೂ ಚಕ್ರ ನಿಲ್ಲುತ್ತೆ. ಕ್ರೈಸ್ಲರ್ 1966ರಿಂದ ಹೆಮಿ ಎಂಜಿನ್ನಿನ ನಾಲ್ಕು ಗೇರಿನ ಕಾರುಗಳಿಗೆ ಟ್ರಕ್ಕಿಗೆ ಹಾಕುವ ‘ಡಾನಾ 60’ ಅನ್ನೇ ಕೂರಿಸಿತು. ಕ್ರೌನ್ ಒಂಬತ್ತೂಮುಕ್ಕಾಲು ಇಂಚು. ಬಲದಲ್ಲಿ ರಾಕ್ಷಸ, ತೂಕದಲ್ಲೂ ರಾಕ್ಷಸ.

ಆದರೂ ಹಳೆ ಕಾರಿನ ಹುಚ್ಚಿನವರು ಮತ್ತೆ ಮತ್ತೆ ಹುಡುಕೋದು ಫೋರ್ಡಿನದನ್ನೇ. ಯಾಕೆ ಅಂತ ನನಗೆ ಅರ್ಥವಾಗಿದ್ದು ಪ್ರಾಜೆಕ್ಟ್ ಕೆಲಸಕ್ಕೆ ಮಿಶಿಗನ್‌ನಲ್ಲಿದ್ದಾಗ. ಟೀಮಿನ ಹಿರಿಯರೊಬ್ಬರ ಹತ್ತಿರ 60ರ ದಶಕದ ಮಸ್ಟಾಂಗ್ ಇತ್ತು. ಸಣ್ಣ ವಿ8 ಇದ್ದ ಮಸ್ಟಾಂಗ್‌ಗಳಿಗೆ ಸಾಮಾನ್ಯವಾಗಿ 8 ಇಂಚಿನದು ಬರುತ್ತಿತ್ತು, ದೊಡ್ಡ ಎಂಜಿನ್ನಿನವಕ್ಕೆ 9. ಅವರು ಎಂಜಿನ್ ದೊಡ್ಡದು ಹಾಕಿದ್ದರು, ಕೆಳಗಿನದೂ ಬದಲಾಗಬೇಕಿತ್ತು. ಒಂದು ಶನಿವಾರ ಇಬ್ಬರೂ ಗುಜರಿಗೆ ಹೋದೆವು. ಅಲ್ಲಿನ ಗುಜರಿಗಳಲ್ಲಿ ನಮ್ಮ ಸ್ಪ್ಯಾನರ್ ನಾವೇ ಒಯ್ದು ಬಿಚ್ಚಿಕೊಳ್ಳಬಹುದು.

ಮೊದಲು ಅವರು ಹುಡುಕಿದ್ದು ಲಿಂಕನ್ ವರ್ಸೇಲ್ಸ್. 1977ರಿಂದ 1980ರವರೆಗೆ ಬಂದ ಐಷಾರಾಮಿ ಕಾರು, ಮಾರುಕಟ್ಟೆಯಲ್ಲಿ ಸೋತಿತು. ಆದರೆ ಅದರ ಕೆಳಗೆ ಡಿಸ್ಕ್ ಬ್ರೇಕ್ ಸಮೇತ 9 ಇಂಚಿನ ಆಕ್ಸಲ್ ಇತ್ತು, ಅಗಲವೂ ಹಳೆ ಕಾರುಗಳಿಗೆ ಹೆಚ್ಚುಕಡಿಮೆ ಹೊಂದುತ್ತಿತ್ತು. ಜನ ಕಾರನ್ನು ಮರೆತರು, ಆಕ್ಸಲನ್ನು ಮಾತ್ರ ಗುಜರಿ ಗುಜರಿ ಅಲೆದು ಖಾಲಿ ಮಾಡಿದರು. ನಮಗೂ ಸಿಗಲಿಲ್ಲ.

ಸಿಕ್ಕಿದ್ದು 80ರ ದಶಕದ ಮೊದಲ ವರ್ಷಗಳ ಒಂದು ಎಫ್-150 ಪಿಕಪ್. ಕೆಳಗೆಲ್ಲ ತುಕ್ಕು, ಗ್ರೀಸು. ಬೋಲ್ಟಿಗೆ ಸಿಕ್ಕಿಸಿದ ತಗಡಿನ ಚೀಟಿ ಇದ್ದರೆ ಓದಿಬಿಡಬಹುದು. ‘3 50’ ಅಂದರೆ ಅನುಪಾತ 3.50, ನಡುವೆ ‘ಎಲ್’ ಅಕ್ಷರ ಇದ್ದರೆ ಲಾಕಿಂಗ್ ಇರುವಂಥದ್ದು. ಚೀಟಿ ಉದುರಿಹೋಗಿತ್ತು. ಅವರು ಕೆಳಗೆ ಮಲಗಿ, ಮುಂಭಾಗದ ಕೆಳಗಿನ ಎರಡು ನಟ್ಟಿಗೆ ಸಾಕೆಟ್ ಹಾಕಲು ನೋಡಿದರು. ಹಿಡಿಸಲಿಲ್ಲ. “ಒಂಬತ್ತೇ!” ಅಂತ ನಕ್ಕರು. 8 ಇಂಚಿನದಾಗಿದ್ದರೆ ಎಲ್ಲ ನಟ್ಟಿಗೂ ಸಾಕೆಟ್ ಕೂರುತ್ತೆ, 9ರಲ್ಲಿ ಆ ಎರಡಕ್ಕೆ ಜಾಗ ಸಾಲದೆ ಸಾದಾ ಸ್ಪ್ಯಾನರ್ರೇ ಗತಿ. ಆಮೇಲೆ ಒಂದು ಚಕ್ರ ತಿರುಗಿಸಿದರು, ಇನ್ನೊಂದು ಉಲ್ಟಾ ತಿರುಗಿತು. ಅಂದರೆ ಸಾದಾ ಡಿಫರೆನ್ಷಿಯಲ್, ಲಾಕ್ ಇಲ್ಲ. ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರಿನ ಒಂದೇ ಚಕ್ರ ಗಿರಗಿರ ಸುತ್ತುವಾಗ ಡ್ರೈವರ್ ಡಿಫ್ ಲಾಕ್ ಪೆಡಲ್ ತುಳಿಯೋದು ನೋಡಿ ಬೆಳೆದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಮತ್ತೆ ಒಂದು ಚಕ್ರ ನಾನು ಹಿಡಿದುಕೊಂಡೆ, ಇನ್ನೊಂದನ್ನು ಅವರು ಎರಡು ಸುತ್ತು ತಿರುಗಿಸಿದರು. ಎಂಜಿನ್ ಕಡೆಯ ಶಾಫ್ಟ್ ಮೂರೂವರೆ ಸುತ್ತು ಸುತ್ತಿತು. 3.50. ಕಳೆದುಹೋದ ಚೀಟಿ ಹೇಳಬೇಕಾದ್ದನ್ನು ಕೈ ಹೇಳಿತು.

“ಲಾಕ್ ಇಲ್ವಲ್ಲ, ಬೇರೆ ನೋಡೋಣವಾ?” ಅಂತ ಕೇಳಿದೆ. “ಅದು ದೊಡ್ಡ ವಿಷಯ ಅಲ್ಲ” ಅಂದರು. ಇಲ್ಲೇ ಇರೋದು ಸ್ವಾರಸ್ಯ. 9 ಇಂಚಿನದರಲ್ಲಿ ಪಿನಿಯನ್, ಕ್ರೌನ್ ಎಲ್ಲ ಒಂದೇ ಗಂಟಾಗಿ ಮುಂದಿನಿಂದ ಹೊರಬರುತ್ತೆ. ಆಕ್ಸಲ್ ಕೋಲುಗಳನ್ನು ಎಳೆದು, ಹತ್ತು ನಟ್ಟು ಬಿಚ್ಚಿದರೆ ಆಯ್ತು. ಬೇರೆ ಅನುಪಾತದ್ದು ಬೇಕಾ, ಲಾಕ್ ಇರೋದು ಬೇಕಾ, ಬೆಂಚಿನ ಮೇಲೆ ಸಿದ್ಧಮಾಡಿಟ್ಟ ಇನ್ನೊಂದು ಗಂಟು ತಂದು ಕೂರಿಸಿ. ಅದರಲ್ಲೂ ಮೇಲೆ ‘ಎನ್’ ಅಕ್ಷರದ ಅಚ್ಚಿದ್ದರೆ ಅದಕ್ಕೆ ಚಿನ್ನದ ಬೆಲೆ. ಅದು ನಾಡ್ಯುಲರ್ ಎರಕದ್ದು ಅನ್ನೋ ಗುರುತು. 1943ರಲ್ಲಿ ಕೀತ್ ಮಿಲಿಸ್ ಕಂಡುಹಿಡಿದ ಈ ಎರಕದಲ್ಲಿ ಮೆಗ್ನೀಸಿಯಂ ಸೇರಿಸುವುದರಿಂದ ಒಳಗಿನ ಗ್ರಾಫೈಟ್ ಚಕ್ಕೆಯಾಗದೆ ಗುಂಡು ಗುಂಡಾಗಿರುತ್ತೆ, ಎರಕ ಸುಲಭಕ್ಕೆ ಸೀಳಲ್ಲ. ಕೋಲಿನ ತುದಿಯ ಗೀರು ಎಣಿಸೋದೂ ಇದೆ, 28 ಇದ್ದರೆ ಸಾಧಾರಣ, 31 ಇದ್ದರೆ ದಪ್ಪನೆಯದು. ಪಿಕಪ್ಪಿನದು ಮಸ್ಟಾಂಗಿಗೆ ಅಗಲ ಜಾಸ್ತಿ. ವರ್ಕ್‌ಶಾಪಿನಲ್ಲಿ ಹೌಸಿಂಗ್ ಕತ್ತರಿಸಿ, ಕಿರಿದು ಮಾಡಿ ಬೆಸೆಯಬೇಕು. ಅದೂ ಅಲ್ಲಿ ಮಾಮೂಲಿ ಕೆಲಸ.

ಫೋರ್ಡ್ 1986ರ ಹೊತ್ತಿಗೆ ಇದನ್ನು ನಿಲ್ಲಿಸಿತು. ಜಾಗಕ್ಕೆ ಹಗುರವಾದ 8.8 ಇಂಚಿನದು ಬಂತು. ಕತೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಕರ‍್ರಿ, ಮೋಸರ್, ಸ್ಟ್ರೇಂಜ್‌ನಂಥ ಕಂಪನಿಗಳು ಅದೇ ಅಳತೆಯ ಭಾಗಗಳನ್ನು ಇವತ್ತಿಗೂ ಹೊಸದಾಗಿ ಮಾಡುತ್ತಿವೆ. ನ್ಯಾಸ್ಕಾರ್ ಕಪ್ ರೇಸಿನಲ್ಲಿ 2021ರವರೆಗೂ ಷೆವ್ರೊಲೆ, ಟೊಯೊಟಾ ಹೆಸರಿನ ಕಾರುಗಳ ಕೆಳಗೂ ಈ ಫೋರ್ಡ್ ವಿನ್ಯಾಸದಿಂದಲೇ ಬಂದ ಆಕ್ಸಲ್ ತಿರುಗುತ್ತಿತ್ತು. ವೈರಿಯ ಎಂಜಿನ್ನಿಗೆ ಫೋರ್ಡಿನ ಬೆನ್ನೆಲುಬು!

ನಮ್ಮ ಕೆಲಸದಲ್ಲಿ ಇದಕ್ಕೆ ಇಂಟರ್‌ಫೇಸ್ ಅಂತೀವಿ. ಒಳಗೆ ಏನು ಬೇಕಾದರೂ ಬದಲಾಗಲಿ, ಸೇರುವ ಜಾಗ ಮಾತ್ರ ಬದಲಾಗಬಾರದು. ಫೋರ್ಡಿನವರು ಮೂವತ್ತು ವರ್ಷ ಆ ಹತ್ತು ನಟ್ಟಿನ ಜಾಗ ಕದಲಿಸಲಿಲ್ಲ. ಗಟ್ಟಿತನದಲ್ಲಿ ಡಾನಾ 60 ಇದಕ್ಕೆ ಸೋತಿದ್ದಲ್ಲ. ಆದರೆ ಬಿಚ್ಚಿ ಬದಲಿಸಲು ಸುಲಭವಾದದ್ದು ಇದು. ಹಾಗಾಗಿ ಹುಟ್ಟಿಸಿದ ಕಂಪನಿ ಕೈಬಿಟ್ಟ ಮೇಲೂ ಇದನ್ನು ಸಾಕುವವರು ಸಿಕ್ಕರು. ಅಂಟು ಹಾಕಿ ಮುಚ್ಚಿದ ಫೋನಿನ ಬ್ಯಾಟರಿ ಸತ್ತರೆ ಫೋನನ್ನೇ ಎಸೆಯುವ ಕಾಲ ನಮ್ಮದು. ನಾವು ಬರೆಯುವ ಕೋಡಿನಲ್ಲಿ ಹೀಗೆ ಬಿಚ್ಚಿ ತೆಗೆಯಬಹುದಾದ ಗಂಟು ಎಷ್ಟಿವೆ ಅಂತ ಒಮ್ಮೆ ಎಣಿಸಿ ನೋಡಿ.