ಬೆಂಗಳೂರಿನಲ್ಲಿ ಮೂಡಿದ ಬರ್ಮಾದ ಮೋಡಗಳು

ಆರಂಭಕಾಲದ ಛಾಯಾಚಿತ್ರ ಮುದ್ರಣದಲ್ಲಿ ಕಪ್ಪನ್ನು ಮೂಡಿಸುವುದಕ್ಕಿಂತ ಬಿಳುಪನ್ನು ಹದದಲ್ಲಿ ಇರಿಸುವುದೇ ಕಠಿಣವಾದ ಕೆಲಸವಾಗಿತ್ತು. 1856-57ರ ಅವಧಿಯಲ್ಲಿ ಈ ಕೆಲಸವನ್ನು ಬೆಂಗಳೂರಿನಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ನಡೆಸಿದವನು ಮದ್ರಾಸ್ ಸೈನ್ಯದ ಅಧಿಕಾರಿ ಲಿನೀಯಸ್ ಟ್ರೈಪ್. 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದ್ದ ಈತ, ಮರುವರ್ಷ ಬರ್ಮಾದ ದೊರೆ ಮಿಂಡೋನ್‌ನ ಆಸ್ಥಾನಕ್ಕೆ ಹೊರಟ ಬ್ರಿಟಿಷ್ ನಿಯೋಗದೊಂದಿಗೆ ಹೋಗಿ, ಅಲ್ಲಿಂದ ಇನ್ನೂರಕ್ಕೂ ಹೆಚ್ಚು ಕಾಗದದ ನೆಗೆಟಿವ್‌ಗಳನ್ನು, ಎಂದರೆ ಬೆಳಕು ಕಪ್ಪಾಗಿಯೂ ನೆರಳು ತಿಳಿಯಾಗಿಯೂ ಕಾಣುವ ವಿಲೋಮ ಪ್ರತಿಗಳನ್ನು, ಬೆಂಗಳೂರಿಗೆ ತಂದನು. ಅವುಗಳಲ್ಲಿ 120ನ್ನು ಆರಿಸಿ, ಸಹಾಯಕರೊಡನೆ 50 ಸಂಪುಟಗಳಿಗಾಗುವಷ್ಟು, ಅಂದರೆ ಸುಮಾರು 6,000 ಪ್ರತಿಗಳನ್ನು ಮುದ್ರಿಸಿದನು.

ಉಪ್ಪುನೀರಿನಲ್ಲಿ ನೆನೆಸಿ ಒಣಗಿಸಿದ ಕಾಗದಕ್ಕೆ ಸಿಲ್ವರ್ ನೈಟ್ರೇಟ್ ಬಳಿದರೆ ಅದರಲ್ಲಿ ಸಿಲ್ವರ್ ಕ್ಲೋರೈಡ್ ಉಂಟಾಗುತ್ತದೆ. ಅದನ್ನು ನೆಗೆಟಿವ್‌ನ ಅಡಿಗಿಟ್ಟು ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗೆ ಒಡ್ಡಿದಾಗ ಚಿತ್ರವು ತಾನಾಗಿಯೇ ಕಣ್ಣೆದುರಿಗೆ ಮೂಡುತ್ತದೆ. ನೆರಳಿನ ಭಾಗದಲ್ಲಿ ಮೊದಲು ಕಪ್ಪಾದ ಬೆಳ್ಳಿಯೇ ತನ್ನ ಕೆಳಗಿನ ಲವಣಕ್ಕೆ ಮರೆಯಾಗುವುದರಿಂದ ಅಲ್ಲಿ ಕಪ್ಪೇರುವ ವೇಗ ಕುಗ್ಗುತ್ತದೆ, ಅಷ್ಟರಲ್ಲಿ ಬೆಳಕಿನ ಭಾಗಗಳು ನಿಧಾನವಾಗಿ ಛಾಯೆಯನ್ನು ಪಡೆಯುತ್ತವೆ. ಚೌಕಟ್ಟಿನ ಹಿಂಬದಿಯ ಮಡಿಸುವ ಹಲಗೆಯ ಅರ್ಧವನ್ನು ಮಾತ್ರ ತೆರೆದು ನೋಡುತ್ತಿದ್ದ ಮುದ್ರಕನ ಕಣ್ಣು ಇದ್ದುದೂ ಈ ಬೆಳಕಿನ ಭಾಗಗಳ ಮೇಲೆಯೇ. ಮುಂದೆ ಹೈಪೋ ದ್ರಾವಣದಲ್ಲಿ ಚಿತ್ರವನ್ನು ಸ್ಥಿರಗೊಳಿಸುವಾಗ ಅದು ಮಾಸುವ ಕಾರಣ, ಬೇಕಾದುದಕ್ಕಿಂತ ತುಸು ಗಾಢವಾಗುವವರೆಗೆ ಅದನ್ನು ಬಿಸಿಲಿನಲ್ಲಿ ಬಿಡಬೇಕಾಗಿತ್ತು.

ಆಕಾಶದ ಸಮಸ್ಯೆ ಮಾತ್ರ ಇದರಿಂದ ಬಗೆಹರಿಯುತ್ತಿರಲಿಲ್ಲ. ಅಂದಿನ ರಾಸಾಯನಿಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ನೆಗೆಟಿವ್‌ನಲ್ಲಿ ಬಾನು ಮೋಡದ ಸುಳಿವಿಲ್ಲದೆ ಕಪ್ಪಿಟ್ಟು, ಮುದ್ರಿತ ಪ್ರತಿಯಲ್ಲಿ ಬರಿಯ ಬಿಳುಪಾಗಿ ಅಥವಾ ಕಲೆಕಲೆಯಾಗಿ ಉಳಿಯುತ್ತಿತ್ತು. ಹಸಿರಿಗೆ ಅವು ಮಂದವಾಗಿದ್ದುದರಿಂದ ಮರಗಳು ಕಪ್ಪು ಮುದ್ದೆಗಳಾಗುತ್ತಿದ್ದವು. ಟ್ರೈಪ್ ನೆಗೆಟಿವ್‌ನ ಮೇಲೆಯೇ ಕುಂಚದಿಂದ ಬಣ್ಣ ಹಚ್ಚಿ, ಬೆಳಕನ್ನು ಬೇಕಾದಲ್ಲಿ ತಡೆದು, ಬಾನಿನಲ್ಲಿ ಮೋಡಗಳನ್ನೂ ಮರಗಳಲ್ಲಿ ಎಲೆಗಳ ಹೊಳಪನ್ನೂ ಮೂಡಿಸಿದನು. ಸರ್ಕಾರಿ ದಾಖಲೆಯಲ್ಲಿ ಕೈಯಿಂದ ಬಿಡಿಸಿದ ಮೋಡ ಸಲ್ಲದೆಂದು ಆಕ್ಷೇಪಿಸಬಹುದು, ಆದರೆ ಕಣ್ಣು ಕಂಡು ಕಾಗದ ಹಿಡಿಯಲಾರದೆ ಹೋದುದನ್ನು ಮರಳಿ ಕೊಟ್ಟ ಈ ತಿದ್ದುಪಡಿ ಚಿತ್ರದ ಸತ್ಯಕ್ಕೆ ಸಮೀಪವೇ ಆಗಿದೆ.

ಟ್ರೈಪ್‌ನ ಚಿತ್ರಗಳು ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಮೊದಲಾದೆಡೆ ಉಳಿದಿವೆ. ಬರ್ಮಾದ ಹೆಸರಿನಲ್ಲಿ ಪ್ರಸಿದ್ಧವಾದರೂ ಆ ಸಂಪುಟಗಳು ಬೆಂಗಳೂರಿನ ಬಿಸಿಲಿನಲ್ಲಿ, ಟ್ರೈಪ್ ಮತ್ತು ಅವನ ಸಹಾಯಕರ ಕೈಯಲ್ಲಿ ಸಿದ್ಧವಾದವು. ಈ ನಗರದ ಛಾಯಾಗ್ರಹಣ ಚರಿತ್ರೆಯನ್ನು ಬರೆಯುವವರು ಅವಕ್ಕೆ ಮೊದಲ ಅಧ್ಯಾಯದಲ್ಲಿಯೇ ಸ್ಥಾನ ಕೊಡಬೇಕು.