ಹುಲ್ಲು, ಶೋಲೆ, ಜೌಗು: ನೀಲಗಿರಿ ಮಲೆಯ ಇಪ್ಪತ್ತು ಸಾವಿರ ವರ್ಷ

ಕನ್ನಡದಲ್ಲಿ ‘ನೀಲಗಿರಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ, ಬಂಡೀಪುರದ ಕಾಡನ್ನು ದಾಟಿದ ಮೇಲೆ ಗೋಡೆಯಂತೆ ಎದ್ದು ನಿಲ್ಲುವ ಮಲೆ. ಇನ್ನೊಂದು, ಆಸ್ಟ್ರೇಲಿಯಾದಿಂದ ಬಂದ ಯೂಕಲಿಪ್ಟಸ್ ಮರ. ಮಲೆಗೆ ಆ ನೀಲಿ ಬಂದದ್ದೇ ಮರದಿಂದ ಎಂದು ನಂಬುವವರೂ ಇದ್ದಾರೆ, ಆದರೆ ಹೆಸರು ಮರಕ್ಕಿಂತ ಏಳು ಶತಮಾನ ಹಳೆಯದು: ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ಮಲೆವಾಸಿಗಳಾದ ತೋಡರನ್ನು ಹೆದರಿಸಿ ನೀಲಗಿರಿಯನ್ನು ವಶಪಡಿಸಿಕೊಂಡನೆಂದು ಚಾಮರಾಜನಗರದ 1117ರ ಶಾಸನ ಹೇಳುತ್ತದೆ. ಆ ಕಾಲದಲ್ಲಿ ಮಲೆಯ ನೆತ್ತಿಯನ್ನು ಹೊದೆದಿದ್ದುದು ಬಹುಮಟ್ಟಿಗೆ ಹುಲ್ಲು. ಆ ಹುಲ್ಲು ಎಲ್ಲಿಂದ ಬಂತು, ಎಷ್ಟು ಕಾಲದಿಂದ ಇತ್ತು, ಹವಾಮಾನ ಬದಲಾದಾಗಲೆಲ್ಲ ಕಾಡಿನೊಂದಿಗಿನ ಅದರ ಗಡಿ ಹೇಗೆ ಸರಿಯಿತು ಎಂಬ ಪ್ರಶ್ನೆಗಳಿಗೆ ಶಾಸನಗಳಲ್ಲಿ ಉತ್ತರವಿಲ್ಲ. ಉತ್ತರವಿರುವುದು ಅಲ್ಲಿನ ಜೌಗುಗಳ ಕಪ್ಪು ಮಣ್ಣಿನಲ್ಲಿ.

ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಎತ್ತರದಲ್ಲಿ ಆರಂಭವಾಗಿ 2637 ಮೀಟರಿನ ದೊಡ್ಡಬೆಟ್ಟದವರೆಗೆ ಏರುವ ಈ ಮೇಲುಸೀಮೆಯಲ್ಲಿ, ತೊರೆ ಹರಿಯುವ ಮಡಿಲುಗಳಲ್ಲಿ ಕುಳ್ಳ ಮರಗಳ ದಟ್ಟವಾದ ನಿತ್ಯಹಸಿರು ಕಾಡು, ಅದರ ಸುತ್ತಲಿನ ಇಳಿಜಾರುಗಳಲ್ಲಿ ಬರಿಯ ಹುಲ್ಲು, ನೀರು ನಿಲ್ಲುವ ತಗ್ಗುಗಳಲ್ಲಿ ಜೌಗು ಒಂದರ ಪಕ್ಕ ಒಂದು ಇರುತ್ತವೆ. ಆ ಕಾಡಿಗೆ ಶೋಲೆ ಅಥವಾ ಶೋಲಾ ಎಂದು ಹೆಸರು; ತೋಪು ಎಂಬ ಅರ್ಥದ ತಮಿಳಿನ ‘ಸೋಲೈ’ ಇದರ ಮೂಲ. ಕುದುರೆಮುಖ, ಬಾಬಾಬುಡನ್‌ಗಿರಿಗಳ ನೆತ್ತಿಯಲ್ಲೂ ಇದೇ ಬಗೆಯ ನೆಲವಿದ್ದು, ಅಲ್ಲಿ ಓಡಾಡಿದವರೆಲ್ಲ ಕಾಡು ಇಷ್ಟು ಥಟ್ಟನೆ ಏಕೆ ನಿಂತುಹೋಗುತ್ತದೆ ಎಂದು ಬೆರಗಾಗಿದ್ದಾರೆ. ನೀಲಗಿರಿಯಲ್ಲಿ ಹುಲ್ಲುಗಾವಲು ತೋಡರ ಎಮ್ಮೆಗಳ ಮೇವಿನ ನೆಲೆಯಾಗಿತ್ತು. ವಿಜಯನಗರದ ಪತನದ ನಂತರದ ದಿನಗಳಲ್ಲಿ ಮೈಸೂರು ಸೀಮೆಯಿಂದ ಮಲೆ ಹತ್ತಿದರೆಂದು ಹೇಳಲಾಗುವ, ‘ಬಡಗಣವರು’ ಎಂಬ ಅರ್ಥದ ಹೆಸರನ್ನೇ ಹೊತ್ತು, ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರು ಅದರ ಒಂದು ಪಾಲನ್ನು ಹೊಲವಾಗಿಸಿದರು.

1938ರಲ್ಲಿ ಈ ಹುಲ್ಲಿನ ಬಗ್ಗೆ ಅರಣ್ಯ ವಿಜ್ಞಾನಿಗಳ ನಡುವೆ ಒಂದು ವಾದ ಹುಟ್ಟಿತು. ಚಳಿಗಾಲದ ರಾತ್ರಿಗಳಲ್ಲಿ ಬಯಲಿನ ಮೇಲೆ ಬೀಳುವ ಹೆಪ್ಪುಮಂಜು ಶೋಲೆಯ ಎಳೆ ಸಸಿಗಳನ್ನು ಸುಟ್ಟುಹಾಕುವುದರಿಂದ ಮರಗಳು ಮಡಿಲು ಬಿಟ್ಟು ಹೊರಬರಲಾರವು, ಆದ್ದರಿಂದ ಹುಲ್ಲು ಅಲ್ಲಿನ ಸಹಜ ಸಸ್ಯವರ್ಗವೇ ಎಂದು ಸಿ. ಆರ್. ರಂಗನಾಥನ್ ಪ್ರತಿಪಾದಿಸಿದರು. ಎನ್. ಎಲ್. ಬೋರ್ ಇದನ್ನು ಒಪ್ಪದೆ, ಮನುಷ್ಯರು ಹಚ್ಚಿದ ಬೆಂಕಿ ಮತ್ತು ದನಗಳ ಮೇಯುವಿಕೆಯಿಂದ ಕಾಡು ಕರಗಿ ಹುಲ್ಲಾಯಿತೆಂದು ವಾದಿಸಿದರು. ಇದು ವಿದ್ವಾಂಸರ ಪತ್ರಿಕೆಯೊಳಗಿನ ಜಗಳ ಮಾತ್ರವಾಗಿರಲಿಲ್ಲ, ಏಕೆಂದರೆ ಹುಲ್ಲು ಕೆಟ್ಟುಹೋದ ಕಾಡೆಂದಾದರೆ ಅಲ್ಲಿ ಮರ ನೆಡುವುದು ದುರಸ್ತಿಯ ಕೆಲಸವಾಗುತ್ತದೆ, ಹುಲ್ಲು ಅಲ್ಲಿಯದೇ ಎಂದಾದರೆ ಅದೇ ಕೆಲಸ ಒತ್ತುವರಿಯಾಗುತ್ತದೆ.

ವಾದಕ್ಕೆ ಬೇಕಾದ ಪುರಾವೆ ಸಸ್ಯಗಳು ಇಂಗಾಲವನ್ನು ಬಳಸುವ ರೀತಿಯಲ್ಲಿಯೇ ಅಡಗಿತ್ತು. ಗಿಡಗಳು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಬಿಸಿಲಿನ ಬಲದಿಂದ ಸಕ್ಕರೆ ಮಾಡಿಕೊಳ್ಳುವ ಕ್ರಿಯೆ, ಅಂದರೆ ದ್ಯುತಿಸಂಶ್ಲೇಷಣೆ, ಎಲ್ಲ ಗಿಡಗಳಲ್ಲೂ ಒಂದೇ ದಾರಿಯಲ್ಲಿ ನಡೆಯುವುದಿಲ್ಲವೆಂದು 1960ರ ದಶಕದಲ್ಲಿ ಸ್ಪಷ್ಟವಾಯಿತು. ಮರಗಳು, ಭತ್ತ, ಗೋಧಿ ಮೊದಲು ಮೂರು ಇಂಗಾಲ ಪರಮಾಣುಗಳ ಸಂಯುಕ್ತವನ್ನು ತಯಾರಿಸುವುದರಿಂದ ಅವನ್ನು ಸಿ-3 ಸಸ್ಯಗಳೆಂದೂ, ಕಬ್ಬು, ಜೋಳ, ರಾಗಿ ಮತ್ತು ಉಷ್ಣವಲಯದ ಅನೇಕ ಹುಲ್ಲುಗಳು ನಾಲ್ಕು ಪರಮಾಣುಗಳದನ್ನು ತಯಾರಿಸುವುದರಿಂದ ಅವನ್ನು ಸಿ-4 ಸಸ್ಯಗಳೆಂದೂ ಕರೆಯುತ್ತಾರೆ. ಎರಡನೆಯ ದಾರಿ ಹಿಡಿದ ಸಸ್ಯಗಳು ಕಡಿಮೆ ನೀರಿನಲ್ಲಿ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ ಇದ್ದಾಗಲೂ, ಬದುಕನ್ನು ಸಾಗಿಸಬಲ್ಲವು. ಪ್ರಕೃತಿಯ ಇಂಗಾಲದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ತುಸು ಹೆಚ್ಚು ತೂಕದ ಇಂಗಾಲ-13 ಇದ್ದು, ಸಿ-3 ಸಸ್ಯಗಳು ಈ ಭಾರದ ಇಂಗಾಲವನ್ನು ಹೆಚ್ಚಾಗಿ ತಿರಸ್ಕರಿಸುತ್ತವೆ, ಸಿ-4 ಸಸ್ಯಗಳು ಅಷ್ಟಾಗಿ ತಿರಸ್ಕರಿಸುವುದಿಲ್ಲ. ಒಂದು ಗೊತ್ತಾದ ಮಾನಕಕ್ಕೆ ಹೋಲಿಸಿ ಅಳೆದರೆ ಮೊದಲನೆಯವುಗಳಲ್ಲಿ ಅದು ಸಾವಿರಕ್ಕೆ ಸುಮಾರು 27ರಷ್ಟು, ಎರಡನೆಯವುಗಳಲ್ಲಿ ಸುಮಾರು 13ರಷ್ಟು ಕೊರತೆಯಾಗಿ ಕಾಣುತ್ತದೆ. ಗಿಡ ಸತ್ತು ಕೊಳೆತರೂ ಈ ಗುರುತು ಬಹುಮಟ್ಟಿಗೆ ಅಳಿಯುವುದಿಲ್ಲ.

ಕೊಳೆಯದೆ ಉಳಿಯುವುದಕ್ಕೆ ನೀಲಗಿರಿಯ ಜೌಗುಗಳಿಗಿಂತ ಒಳ್ಳೆಯ ಜಾಗ ದಕ್ಷಿಣ ಭಾರತದಲ್ಲಿ ವಿರಳ. ಚಳಿಯಿರುವ, ಸದಾ ನೀರು ತುಂಬಿರುವ ಆ ತಗ್ಗುಗಳಿಗೆ ಆಮ್ಲಜನಕ ಇಳಿಯದ ಕಾರಣ ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗಿ, ಸತ್ತ ಎಲೆ, ಬೇರು, ಹುಲ್ಲುಗಳು ಅರೆಕೊಳೆತ ಸ್ಥಿತಿಯಲ್ಲಿ ಪದರದ ಮೇಲೆ ಪದರವಾಗಿ ಸಾವಿರಾರು ವರ್ಷ ಸೇರುತ್ತ ಬಂದಿವೆ. ಇಂಥ ಮಣ್ಣಿಗೆ ಪೀಟ್ ಎನ್ನುತ್ತಾರೆ. ಆನೆಗಳ ಅಧ್ಯಯನಕ್ಕಾಗಿಯೇ ಹೆಚ್ಚು ಹೆಸರಾದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು ಆರ್. ರಮೇಶ್, ಆರ್. ಕೆ. ಪಂತ್, ಜಿ. ರಾಜಗೋಪಾಲನ್ ಅವರೊಡನೆ ಈ ಪೀಟಿನ ಪದರಗಳ ವಯಸ್ಸನ್ನು ವಿಕಿರಣಶೀಲ ಇಂಗಾಲ-14ರಿಂದಲೂ, ಸಸ್ಯದ ಬಗೆಯನ್ನು ಇಂಗಾಲ-13ರಿಂದಲೂ ಅಳೆದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಅವರು ಓದಿದ ಕಥೆಯ ಸ್ಥೂಲರೇಖೆ ಹೀಗಿದೆ. ಸುಮಾರು 20000 ವರ್ಷಗಳ ಹಿಂದೆ, ಭೂಮಿಯ ಉತ್ತರದ ಖಂಡಗಳು ಹಿಮದಡಿಯಲ್ಲಿ ಹೂತಿದ್ದಾಗ, ನೈರುತ್ಯ ಮುಂಗಾರು ಬಲಗುಂದಿ ನೀಲಗಿರಿ ಒಣಗಿತ್ತು; ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 190 ಪಾಲಿನ ಆಸುಪಾಸಿಗೆ ಇಳಿದಿತ್ತು; ಹೀಗಾಗಿ ಮಲೆ ಸಿ-4 ಹುಲ್ಲಿನ ಕೈಗೆ ಬಂತು. ಚಳಿ ಹೆಚ್ಚಿದ್ದಾಗ ಸಿ-4 ಹುಲ್ಲು ಹಿಂದೆ ಸರಿಯಬೇಕು ಎಂಬುದು ಪಠ್ಯದ ನಿಯಮ, ಆದರೆ ಬರ ಮತ್ತು ಇಂಗಾಲದ ಅಭಾವ ಎರಡೂ ಸೇರಿ ಇಲ್ಲಿ ಆ ನಿಯಮವನ್ನು ಮಣಿಸಿದಂತಿದೆ. ಹಿಮಯುಗ ಮುಗಿದು ಸುಮಾರು 11000 ವರ್ಷಗಳ ಹಿಂದೆ ಮುಂಗಾರು ಮರಳಿ ಬಲಿತಾಗ ಪೀಟಿನಲ್ಲಿ ಸಿ-3 ಸಸ್ಯಗಳ ಗುರುತು ಏರುತ್ತದೆ. ಮುಂದೆ ಕೆಲವು ಸಾವಿರ ವರ್ಷಗಳಲ್ಲಿ ಒಣಹವೆ ತಿರುಗಿ ಬಂದು ಹುಲ್ಲು ಮತ್ತೆ ಹಬ್ಬುತ್ತದೆ. ಪುದುಚೇರಿಯ ಫ್ರೆಂಚ್ ಸಂಸ್ಥೆಯ ಜಿ. ವಸಂತಿ ಅವರು ಊಟಿಯ ಬಳಿಯ ಸ್ಯಾಂಡಿನಲ್ಲಾ ಜೌಗಿನ ಪರಾಗಕಣಗಳನ್ನು ಎಣಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಲ್ಲಿನ ಹುಲ್ಲು ಬಹು ಪುರಾತನವೆಂದೇ ತೋರಿಸಿತ್ತು. ಮೇಲುಸೀಮೆಯಲ್ಲಿ ಮನುಷ್ಯರು ನೆಲೆಸಿದ ಕುರುಹುಗಳು ಅಷ್ಟು ಹಿಂದಕ್ಕೆ ಹೋಗುವುದಿಲ್ಲವಾದ್ದರಿಂದ, ಹುಲ್ಲಿನ ಹುಟ್ಟಿಗೆ ತೋಡರ ಬೆಂಕಿಯನ್ನು ದೂರಲಾಗದು. ಆದರೆ ಮಳೆ ಹೆಚ್ಚಿದ ಶತಮಾನಗಳಲ್ಲಿ ಕಾಡನ್ನು ಮಡಿಲಲ್ಲೇ ಹಿಡಿದಿಡಲು ಬೆಂಕಿಯೂ ಎಮ್ಮೆಯೂ ನೆರವಾದವು ಎಂಬುದನ್ನು ಪೀಟು ಅಲ್ಲಗಳೆಯುವುದಿಲ್ಲ. ಬೋರ್ ಪೂರ್ತಿ ತಪ್ಪಿದರೆಂದು ಹೇಳುವುದು ಅವಸರದ ತೀರ್ಪಾಗುತ್ತದೆ.

ಪೀಟಿನ ಕಾಲಮಾನದಲ್ಲಿ ಕ್ಷಣವೆನ್ನಬಹುದಾದ ಅವಧಿಯಲ್ಲಿ ಮುಂದಿನ ಬದಲಾವಣೆ ನಡೆಯಿತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಮಲೆ ಹತ್ತಿದ ಕೆಲವೇ ವರ್ಷಗಳಲ್ಲಿ ಊಟಿ ಬಿಳಿಯರ ತಂಪುಧಾಮವಾಯಿತು. ಅಲ್ಲಿನ ಅಗ್ಗಿಷ್ಟಿಕೆಗಳಿಗೂ ವೆಲಿಂಗ್ಟನ್ ದಂಡಿನ ಒಲೆಗಳಿಗೂ ಹತ್ತಿರದ ಶೋಲೆಗಳು ಸೌದೆಯಾಗಿ ಹೋದವು. ಶೋಲೆಯ ಮರ ಬೆಳೆಯುವುದು ಬಹು ನಿಧಾನ. ಆದ್ದರಿಂದ 1843ರ ಹೊತ್ತಿಗೆ ಆಸ್ಟ್ರೇಲಿಯಾದ ಬ್ಲೂಗಮ್ ಎಂಬ ಯೂಕಲಿಪ್ಟಸ್ ಜಾತಿಯನ್ನು ತಂದು, ಮುಂದಿನ ದಶಕದಿಂದ ಸರ್ಕಾರದ ನೆಡುತೋಪುಗಳಾಗಿ ಬೆಳೆಸಲಾಯಿತು. ಅದೇ ಕಾಲಘಟ್ಟದಲ್ಲಿ ವ್ಯಾಟಲ್ ಎಂಬ ಅಕೇಶಿಯಾ ಜಾತಿಗಳೂ, 1860ರ ದಶಕದಲ್ಲಿ ಮಲೇರಿಯಾದ ಮದ್ದಿಗಾಗಿ ಸಿಂಕೋನಾವೂ, ಚಹಾವೂ ಬಂದವು. ಕಂದಾಯದ ಕಡತದಲ್ಲಿ ಹುಲ್ಲುಗಾವಲು ಪಾಳುಭೂಮಿಯಾಗಿದ್ದರಿಂದ ನೆಡುವವರಿಗೆ ಅಳುಕಿರಲಿಲ್ಲ. ಕನ್ನಡ ನಾಡಿನ ಬಯಲಿಗೆ ಹರಡಿದ್ದು ಬ್ಲೂಗಮ್ ಅಲ್ಲ, ನಂದಿಬೆಟ್ಟದ ಮರಗಳಿಂದ ಬೀಜ ಪಡೆದು ‘ಮೈಸೂರು ಗಮ್’ ಎಂದು ಹೆಸರಾದ ಇನ್ನೊಂದು ಬಗೆ. ನಂದಿಯ ಮೊದಲ ಸಸಿಗಳನ್ನು 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನೆಡಿಸಿದನೆಂದು ಹೇಳುವುದುಂಟು. ಜನರ ಬಾಯಲ್ಲಿ ಮಾತ್ರ ಎರಡೂ ‘ನೀಲಗಿರಿ’ಯೇ ಆದವು.

ಸ್ವಾತಂತ್ರ್ಯ ಬಂದ ಮೇಲೆ ನೆಡುತೋಪುಗಳು ಕುಗ್ಗುವ ಬದಲು ಹಿಗ್ಗಿದವು. ಚರ್ಮ ಹದಮಾಡಲು ವ್ಯಾಟಲ್ ತೊಗಟೆ, ಕೃತಕ ನೂಲಿನ ತಿರುಳಿಗೆ ಬ್ಲೂಗಮ್ ಬೇಕಾಯಿತು. ಪರಿಣಾಮ ಮೊದಲು ಕಂಡದ್ದು ನೀರಿನಲ್ಲಿ: ಗ್ಲೆನ್‌ಮಾರ್ಗನ್ ಬಳಿ ಜೋಡಿ ಜಲಾನಯನಗಳನ್ನು ವರ್ಷಗಟ್ಟಲೆ ಅಳೆದ ಕೇಂದ್ರ ಮಣ್ಣು ಮತ್ತು ಜಲಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು, ಹುಲ್ಲಿನ ಜಾಗದಲ್ಲಿ ಬ್ಲೂಗಮ್ ನೆಟ್ಟರೆ ಮೊದಲ ಹತ್ತು ವರ್ಷಗಳ ಸುತ್ತಿನಲ್ಲಿ ಹರಿದುಬರುವ ನೀರು ನೂರಕ್ಕೆ ಸುಮಾರು 16ರಷ್ಟು ಕಡಿಮೆಯಾಗುವುದನ್ನು ಕಂಡರು. ಮಲೆಯ ತೊರೆಗಳ ಮೇಲೆಯೇ 1932ರಲ್ಲಿ ಪೈಕಾರ ವಿದ್ಯುದಾಗಾರ ನಿಂತಿತ್ತು ಎಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ.

ಇಂಗಾಲದ ಲೆಕ್ಕ ಇನ್ನೂ ತೊಡಕಿನದು. ಜಗತ್ತಿನ ವಾತಾವರಣದಲ್ಲಿ ಈಗ ಸುಮಾರು 870 ಶತಕೋಟಿ ಟನ್ ಇಂಗಾಲವಿದ್ದು, ನೆಲದ ಗಿಡಮರಗಳಲ್ಲಿ ಅದರ ಅರ್ಧದಷ್ಟೂ ಮಣ್ಣಿನಲ್ಲಿ ಅದರ ಸುಮಾರು ಎರಡು ಪಟ್ಟೂ ಅಡಗಿದೆ. ಮನುಷ್ಯರು ಪ್ರತಿವರ್ಷ ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲನ್ನು ನೆಲವೇ ಹೀರಿಕೊಳ್ಳುತ್ತಿದೆ. ಮರ ನೆಟ್ಟು ಇಂಗಾಲವನ್ನು ಹಿಡಿಯುವ ಯೋಜನೆಗಳು ಕಣ್ಣಿಗೆ ಕಾಣುವ ಕಾಂಡವನ್ನು ಎಣಿಸುತ್ತವೆ. ಹುಲ್ಲುಗಾವಲಿನ ಬಂಡವಾಳವೋ ಬೇರಿನಲ್ಲೂ ಕಪ್ಪು ಮಣ್ಣಿನಲ್ಲೂ ಇರುವುದರಿಂದ ಲೆಕ್ಕಪುಸ್ತಕಕ್ಕೆ ಸುಲಭವಾಗಿ ಸಿಗುವುದಿಲ್ಲ. ಹುಲ್ಲಿಗೆ ಬೆಂಕಿ ಬಿದ್ದರೆ ಮೇಲಿನ ಗರಿ ಸುಟ್ಟು ಮುಂದಿನ ಮಳೆಗೆ ಚಿಗುರುತ್ತದೆ, ನೆಡುತೋಪಿಗೆ ಬಿದ್ದರೆ ದಶಕಗಳ ಗಳಿಕೆ ಒಮ್ಮೆಗೇ ಹೊಗೆಯಾಗುತ್ತದೆ. ಜೌಗಿನ ಅಂಚಿನಲ್ಲಿ ನೆಟ್ಟ ಮರಗಳು ನೀರನ್ನು ಹೀರಿ ಪೀಟನ್ನು ಒಣಗಿಸಿದಲ್ಲಿ, ಆಮ್ಲಜನಕ ಒಳಹೊಕ್ಕು, ಸಾವಿರಾರು ವರ್ಷ ಕೊಳೆಯದಿದ್ದುದು ಕೊಳೆಯತೊಡಗುತ್ತದೆ.

ರಂಗನಾಥನ್ ಎತ್ತಿದ ಹೆಪ್ಪುಮಂಜಿನ ಮಾತು ಎಂಟು ದಶಕಗಳ ನಂತರ ಮತ್ತೆ ಪರೀಕ್ಷೆಗೆ ಬಂತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ ಶೋಲೆಯ ಸಸಿಗಳು ಬಯಲಿನ ಹೆಪ್ಪುಚಳಿಗೆ ನಲುಗುತ್ತವೆ, ಪರದೇಶದ ಅಕೇಶಿಯಾ ಸಸಿಗಳು ತಾಳಿಕೊಳ್ಳುತ್ತವೆ. ರಾತ್ರಿಗಳ ಚಳಿ ತಗ್ಗಿದಷ್ಟೂ ಹುಲ್ಲನ್ನು ಕಾಯುವ ಬೇಲಿ ಸಡಿಲಾಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕೈಗಾರಿಕಾ ಕ್ರಾಂತಿಗೆ ಮುಂಚಿನ ದಶಲಕ್ಷಕ್ಕೆ 280 ಪಾಲಿನಿಂದ 420ಕ್ಕೂ ಮೇಲೇರಿರುವುದು ಸಿ-3 ಮರಗಳಿಗೆ ಅನುಕೂಲ. ಆದರೆ ಹೀಗೆ ತೆರೆದ ದಾರಿಯಲ್ಲಿ ಮೊದಲು ನುಗ್ಗುವುದು ನಿಧಾನದ ಶೋಲೆಯಲ್ಲ. ಬೀಜವನ್ನು ಮಣ್ಣಿನಲ್ಲಿ ವರ್ಷಗಟ್ಟಲೆ ಹುದುಗಿಸಿಟ್ಟು, ಕಡಿದರೂ ಸುಟ್ಟರೂ ಮೊಳೆಯುವ ವ್ಯಾಟಲ್. 1990ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮುಕುರ್ತಿಯಂಥ ಕಡೆಗಳಲ್ಲಿ ಅದನ್ನು ಕಿತ್ತು ವರಯಾಡು ಎಂಬ ಕಾಡುಮೇಕೆಗೆ ಹುಲ್ಲು ಉಳಿಸುವ ಪ್ರಯತ್ನಗಳು ನಡೆದಿವೆ.

ಈ ಹೊತ್ತಿಗೂ ಜೌಗುಗಳ ಮೇಲ್ಪದರ ಬೆಳೆಯುತ್ತಲೇ ಇದೆ. ಕಲ್ಲಿದ್ದಲು, ಎಣ್ಣೆಗಳ ಇಂಗಾಲ ಹಳೆಯ ಸಸ್ಯಗಳದೇ ಆದ್ದರಿಂದ ಅದರಲ್ಲಿ ಇಂಗಾಲ-13 ಕಡಿಮೆ. ಅವನ್ನು ಸುಟ್ಟಂತೆ ಇಡೀ ವಾತಾವರಣದಲ್ಲಿ ಇಂಗಾಲ-13ರ ಪ್ರಮಾಣ ಇಳಿದು, ಇಂದು ಬೆಳೆಯುವ ಹುಲ್ಲೂ ಹಿಂದಿನದಕ್ಕಿಂತ ತುಸು ಹಗುರವಾದ ಇಂಗಾಲವನ್ನೇ ಕಟ್ಟಿಕೊಳ್ಳುತ್ತಿದೆ. ಸುತ್ತಣ ಇಳಿಜಾರಿನಿಂದ ಉದುರುವ ವ್ಯಾಟಲ್, ಬ್ಲೂಗಮ್‌ಗಳ ಎಲೆಯೂ ಸಿ-3ರದೇ. ಮುಂದೆಂದಾದರೂ ಯಾರಾದರೂ ಇಂಗಾಲ-13 ಒಂದನ್ನೇ ನೆಚ್ಚಿ ಆ ಪದರವನ್ನು ಓದಿದರೆ, ಇಪ್ಪತ್ತನೆಯ ಶತಮಾನದಲ್ಲಿ ನೀಲಗಿರಿಗೆ ಮಳೆ ಹೆಚ್ಚಿ ಶೋಲೆಗಳು ಮಡಿಲು ಬಿಟ್ಟು ಹೊರಬಂದವೆಂದು ಬರೆದಾರು; ಜೊತೆಗಿರುವ ಪರಾಗಕಣಗಳನ್ನು ಎಣಿಸಿದಾಗ ಮಾತ್ರ ಅವು ಆಸ್ಟ್ರೇಲಿಯಾದ ಮರಗಳವೆಂದು ತಿಳಿಯುತ್ತದೆ.