ಶಿಲೆಯ ಸಾಕ್ಷಿ: ಡಾ. ಫ್ಲೀಟರೂ ಶರಣರ ಚರಿತ್ರೆಯೂ

ಕನ್ನಡ ನಾಡಿನ ಮಧ್ಯಯುಗದ ಚರಿತ್ರೆಯನ್ನು ಶಾಸನಗಳ ಆಧಾರದ ಮೇಲೆ ಕ್ರಮವಾಗಿ ಕಟ್ಟಿಕೊಟ್ಟ ಮೊದಲಿಗರಲ್ಲಿ ಡಾ. ಜಾನ್ ಫೇಯ್ತ್‌ಫುಲ್ ಫ್ಲೀಟರು ಅಗ್ರಗಣ್ಯರು. ಆಂಗ್ಲ ಅಧಿಕಾರಿಯಾಗಿ ಬಂದ ಇವರಿಂದ ವೀರಶೈವ ಚರಿತ್ರೆಗೆ ಮಹದುಪಕಾರವಾಯಿತು. ಇವರ ಒಂದು ನಿರ್ಣಯದಿಂದ ವಿವಾದವೂ ಹುಟ್ಟಿತು. ಎರಡೂ ಮನನಯೋಗ್ಯವಾಗಿವೆ.

1847ರಲ್ಲಿ ಜನಿಸಿದ ಫ್ಲೀಟರು ಲಂಡನ್ನಿನಲ್ಲಿ ಸಂಸ್ಕೃತವನ್ನು ಅಭ್ಯಸಿಸಿ, 1867ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಬಂದರು. ಕನ್ನಡ ಜಿಲ್ಲೆಗಳಲ್ಲಿ ಸಂಚರಿಸುತ್ತ ಹಳಗನ್ನಡವನ್ನು ಕರಗತ ಮಾಡಿಕೊಂಡರು. ಸಂಗೊಳ್ಳಿ ರಾಯಣ್ಣನನ್ನು ಕುರಿತ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದವರೂ ಇವರೇ. ತಮ್ಮ ಸರ್ಕಾರವನ್ನೇ ಎದುರಿಸಿದ ವೀರನ ಹಾಡನ್ನು ಉಳಿಸಿದ ವಿದ್ವತ್ತು ಅದು. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆದರು. 1883ರಲ್ಲಿ ಸರ್ಕಾರದ ಶಾಸನತಜ್ಞರಾದರು. 1888ರಲ್ಲಿ ಇವರ ಗುಪ್ತ ಶಾಸನಗಳ ಸಂಪುಟ ಹೊರಬಂದಿತು. 1897ರಲ್ಲಿ ನಿವೃತ್ತರಾದರೂ 1917ರಲ್ಲಿ ತೀರಿಕೊಳ್ಳುವವರೆಗೆ ಅಧ್ಯಯನವನ್ನು ಬಿಡಲಿಲ್ಲ.

ಇವರು ಸಂಪಾದಿಸಿದ ಶಾಸನಗಳಲ್ಲಿ ಕ್ರಿ.ಶ. 634ರ ಐಹೊಳೆಯ ಪ್ರಶಸ್ತಿಯೂ ಒಂದು. ಇಮ್ಮಡಿ ಪುಲಕೇಶಿಗೆ ಮಣಿದ ಆಳುಪರ ಹೆಸರು ಅದರಲ್ಲಿದೆ. ಇಂದಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನೊಳಗೊಂಡ ತುಳುನಾಡನ್ನು ಶತಮಾನಗಳ ಕಾಲ ಆಳಿದ ವಂಶವದು. ಕರಾವಳಿಯ ಚರಿತ್ರೆಗೂ ಹೀಗೆ ಬಯಲುಸೀಮೆಯ ಶಿಲೆಯೇ ಸಾಕ್ಷಿಯಾಯಿತು.

ಶರಣ ಚರಿತ್ರೆಗೆ ಸಂಬಂಧಿಸಿದಂತೆ ಇವರ ಮಹತ್ಕಾರ್ಯವೆಂದರೆ ಅಬ್ಬಲೂರಿನ ಶಾಸನಗಳ ಸಂಪಾದನೆ. ಹಿರೇಕೆರೂರು ತಾಲೂಕಿನ ಈ ಗ್ರಾಮದ ಸೋಮೇಶ್ವರ ದೇವಾಲಯದಲ್ಲಿ, ಸುಮಾರು ಕ್ರಿ.ಶ. 1200ರ ಶಾಸನವೊಂದು ಏಕಾಂತದ ರಾಮಯ್ಯನ ಕಥೆಯನ್ನು ಹೇಳುತ್ತದೆ. ಜೈನರೊಡನೆ ಪಣತೊಟ್ಟು ಆತನು ಶಿರಸ್ಸನ್ನು ಶಿವನಿಗೆ ಅರ್ಪಿಸಿ ಮರಳಿ ಪಡೆದುದನ್ನೂ, ಬಿಜ್ಜಳನು ಜಯಪತ್ರವನ್ನಿತ್ತುದನ್ನೂ ಅದು ವರ್ಣಿಸುತ್ತದೆ. ಗೋಡೆಯ ಶಿಲ್ಪಗಳೂ ಅವುಗಳ ಕಿರುಬರಹಗಳೂ ಇದನ್ನೇ ಚಿತ್ರಿಸುತ್ತವೆ. ಪವಾಡವು ಶ್ರದ್ಧೆಯ ವಿಷಯ. ಆದರೆ ರಾಮಯ್ಯನು ಕವಿಕಲ್ಪಿತನಲ್ಲವೆಂಬುದು ಈ ಶಾಸನದಿಂದ ಸಿದ್ಧವಾಯಿತು.

ಇಲ್ಲಿಯೇ ಫ್ಲೀಟರು ಒಂದು ಹೆಜ್ಜೆ ಮುಂದೆ ಹೋದರು. ಪುರಾಣಗಳಲ್ಲಿನ ಬಸವಣ್ಣನವರ ವೃತ್ತಾಂತವನ್ನು ಅವರು ಸಂದೇಹದಿಂದ ಕಂಡರು. ಶಾಸನಸಿದ್ಧನಾದ ರಾಮಯ್ಯನನ್ನೇ ಮತದ ಮೂಲಪುರುಷನೆಂದು ಊಹಿಸಿದರು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಪ್ರಕಟವಾದುದು 1923ರಲ್ಲಿ. ಆ ವೇಳೆಗೆ ಫ್ಲೀಟರು ಕಾಲವಾಗಿ ಆರು ವರ್ಷಗಳಾಗಿದ್ದವು. ವಚನರಾಶಿಯ ಸಾಕ್ಷ್ಯವನ್ನು ತೂಗಿ ನೋಡುವ ಅವಕಾಶ ಅವರಿಗೆ ದೊರೆಯಲಿಲ್ಲ. ಅನಂತರ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ ಶಾಸನವು ಬೆಳಕಿಗೆ ಬಂದಿತು. ಅದರಲ್ಲಿ ಸಂಗನಬಸವನ ಹೆಸರೂ ಆತನ ಮನೆತನದ ಉಲ್ಲೇಖವೂ ಇವೆ. ಹೀಗೆ ಫ್ಲೀಟರ ಊಹೆಯನ್ನು ಅವರದೇ ಮಾರ್ಗವು ತಿದ್ದಿತು.

ಶಿಲೆಯು ಹೇಳಿದುದು ಪ್ರಮಾಣ. ಆದರೆ ದೊರೆತ ಶಿಲೆಯು ಹೇಳದುದೆಲ್ಲ ಅಸತ್ಯವಲ್ಲ. ಅಬ್ಬಲೂರಿನ ಶಿಲೆಯೊಂದನ್ನೇ ಓದಿದವನಿಗೆ ಜೈನರಿಗೂ ಶೈವರಿಗೂ ಇದ್ದುದು ಕಲಹ ಮಾತ್ರವೆಂದು ತೋರಬಹುದು. ಆದರೆ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಮಂಜುನಾಥ ಸ್ವಾಮಿಯ ಆಲಯದ ಧರ್ಮಾಧಿಕಾರಿಗಳು ಜೈನ ಹೆಗ್ಗಡೆಯವರು. ಜೈನಕಾಶಿಯೆನಿಸಿದ ಮೂಡುಬಿದಿರೆಯು ಅಲ್ಲಿಗೆ ಬಹುದೂರದಲ್ಲಿಲ್ಲ. ಒಂದು ಶಾಸನದಿಂದ ಒಂದು ಧರ್ಮದ ಹುಟ್ಟನ್ನಾಗಲಿ, ಎರಡು ಧರ್ಮಗಳ ಬಾಳನ್ನಾಗಲಿ ಅಳೆಯಲಾಗದು. ಫ್ಲೀಟರ ಶ್ರಮಕ್ಕೆ ಕೃತಜ್ಞರಾಗಿದ್ದು, ಅವರ ನಿರ್ಣಯವನ್ನು ಪರೀಕ್ಷಿಸುವುದೇ ಆ ವಿದ್ವಾಂಸರಿಗೆ ಸಲ್ಲಿಸುವ ನಿಜವಾದ ಗೌರವ.